ಪ್ಲೇಯರ್ಸ್ ಸ್ಟ್ರೈಕ್ ಮಾಡಿದ್ರೆ ಟ್ರ್ಯಾಕ್ (ರೆಕಾರ್ಡ್ ಮಾಡಿಟ್ಟ ಮ್ಯೂಸಿಕ್) ಹಾಕ್ಕೊಂಡು ಪ್ರೋಗ್ರಾಂ ನಡೆಸ್ತಾರೆ, ಹಂಗಾದ್ರೆ ನಾವ್ ಸ್ಟ್ರೈಕ್ ಮಾಡಿ ಏನ್ ಉಪಯೋಗ?

ರಿದಂಪ್ಯಾಡ್_ತುಮಕೂರು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೈಕೋಬೇಡಿ. ನಾನು ತುಮಕೂರು ಕಡೆಯೋನು, ಆರ್ಕೆಸ್ಟ್ರಾದಲ್ಲಿ ಢೋಲಕ್ಕು ತಬಲಾ ರಿದಂ ಪ್ಯಾಡ್ ಅಂತ ಕೂತು ಹದಿನೇಳು ವರ್ಷ ಆಯ್ತು. ಹಗಲೊತ್ತು ಮೊಬೈಲ್ ರಿಪೇರಿ ಅಂಗಡಿ ಇದೆ. ಸೀಸನ್ ಬಂತು ಅಂದ್ರೆ ಅಂಗಡಿ ತಮ್ಮನಿಗೆ ಬಿಟ್ಟು ಹೊರಡೋದು, ಗೌರಿಹಬ್ಬದಿಂದ ರಾಜ್ಯೋತ್ಸವದ ಪ್ರೋಗ್ರಾಂಗಳು ಮುಗಿಯೋವರ್ಗೂ ಮನೆಗೆ ಬರೋದು ಬಟ್ಟೆ ಬದಲಾಯಿಸೋಕೆ ಅಷ್ಟೆ.

ನಾನು ಸೇರಿದಾಗ ಟೀಮಲ್ಲಿ ಹನ್ನೊಂದು ಜನ ಪ್ಲೇಯರ್ಸ್ ಇದ್ವಿ. ಎರಡು ಕೀಬೋರ್ಡು, ಲೀಡ್ ಗಿಟಾರು, ಬೇಸು, ಫ್ಲೂಟು, ಸ್ಯಾಕ್ಸೋಫೋನು, ಡ್ರಮ್ಸು, ಪ್ಯಾಡು, ತಬಲಾ, ಢೋಲಕ್ಕು, ಟುಂಬಾ. ಮೊದ್ಲು ಸ್ಯಾಕ್ಸೋಫೋನ್ ಹೋಯ್ತು, ಕೀಬೋರ್ಡಲ್ಲೇ ಆ ಟೋನ್ ಇದ್ಯಲ್ಲ ಅಂದ್ರು. ಆಮೇಲೆ ಬೇಸು, ಆಮೇಲೆ ಫ್ಲೂಟು, ಟುಂಬಾ. ಪ್ಯಾಡು ತಬಲಾ ಢೋಲಕ್ಕು ಮೂರಕ್ಕೂ ಈಗ ನಾನೊಬ್ನೇ. ಒಟ್ಟು ಐದು ಜನ ಉಳಿದಿದೀವಿ. ಹೋದ ವರ್ಷ ಒಂದು ಪ್ರೋಗ್ರಾಮ್‌ಗೆ ಒಬ್ರಿಗೆ 2,500 ಕೊಡ್ತಿದ್ರು, ಈ ಸಲ 1,500 ಅಂದ್ರು, ಅದ್ರಲ್ಲೂ ಪೆಟ್ರೋಲ್ ನಮ್ದೇ.

ಸರಿ ಅಂತ ನಾವು ಐದು ಜನ, ಇನ್ನೆರಡು ಟೀಮಿನೋರು, ಒಟ್ಟು ಹದಿನಾಲ್ಕು ಜನ ಟೀ ಅಂಗಡೀಲಿ ಕೂತು ಮಾತಾಡ್ಕೊಂಡ್ವಿ, 2,500ಕ್ಕಿಂತ ಕಮ್ಮಿಗೆ ಯಾರೂ ಹೋಗಬಾರ್ದು, ಗಣಪತಿ ಸೀಸನ್ ಪೂರ್ತಿ. ವಾಟ್ಸಾಪ್ ಗ್ರೂಪ್ ಮಾಡಿದ್ವಿ, ಹೆಸರು ಕೂಡ ಇಟ್ವಿ, ಹೇಳಿದ್ರೆ ನಗ್ತೀರ ಬಿಡಿ. ಆಯೋಜಕರಿಗೆ ಫೋನ್ ಮಾಡಿ ಹೇಳಿದೆ, ಅವ್ರು ಜಗಳಾನೂ ಆಡ್ಲಿಲ್ಲ, "ಪರವಾಗಿಲ್ಲ ಬಿಡಿ, ಮುಂದಿನ ಸಲ ನೋಡೋಣ" ಅಂದ್ರು. ಆಗಲೇ ನನಗೆ ಹೊಟ್ಟೇಲಿ ಏನೋ ಆಯ್ತು.

ಮೂರನೇ ದಿನ ಪ್ರೋಗ್ರಾಂ. ನೋಡೇಬಿಡೋಣ ಅಂತ ಹೋಗಿ ಹಿಂದೆ ಕಬ್ಬಿನಹಾಲಿನ ಗಾಡಿ ಪಕ್ಕ ನಿಂತೆ. ಸ್ಟೇಜ್ ಮೇಲೆ ಇಬ್ರು ಸಿಂಗರ್ಸು, ಒಂದು ಲ್ಯಾಪ್‌ಟಾಪು, ಹಿಂದೆ ಎಲ್‌ಇಡಿ ವಾಲು. ಫುಲ್ ಸೌಂಡು, ಹುಡುಗ್ರು ಕುಣಿದಿದ್ದೇ ಕುಣಿದಿದ್ದು. ಯಾರಾದ್ರೂ ಒಬ್ಬ, ಒಬ್ಬನಾದ್ರೂ, ಏನ್ರೀ ಬ್ಯಾಂಡ್ ಎಲ್ಲಿ ಅಂತ ಕೇಳ್ತಾನೇನೋ ಅಂತ ಕಾಯ್ತಾ ಇದ್ದೆ. ಒಬ್ರೂ ಕೇಳ್ಲಿಲ್ಲ.

ನನ್ ಪ್ರಶ್ನೆ ಇಷ್ಟೇ. ಬಸ್ಸಿನೋರು ಸ್ಟ್ರೈಕ್ ಮಾಡಿದ್ರೆ ಬಸ್ ನಿಲ್ಲುತ್ತೆ, ಕಸದೋರು ಮಾಡಿದ್ರೆ ಬೀದಿ ನಾರುತ್ತೆ, ನಾವ್ ಮಾಡಿದ್ರೆ ಏನೂ ನಿಲ್ಲಲ್ವಲ್ಲ. ಪ್ರಪಂಚದಲ್ಲಿ ಎಲ್ಲಾದ್ರೂ ಮ್ಯೂಸಿಷಿಯನ್ಸ್ ಸ್ಟ್ರೈಕ್ ಮಾಡಿ ಗೆದ್ದಿರೋದು ಇದ್ಯಾ? ಇದ್ರೆ ಹೇಗೆ? ಇಲ್ಲಾಂದ್ರೆ ಹೇಳ್ಬಿಡಿ, ಅಂಗಡಿ ನೋಡ್ಕೋತೀನಿ.

---

ಸುಮ್ನೆ_ಓದೋನು:

ಗ್ರೂಪಿನ ಹೆಸರು ಹೇಳಿ ಮೊದ್ಲು 😂 ಅರ್ಧ ಉತ್ತರ ಅಲ್ಲೇ ಇರುತ್ತೆ

---

ಪೆಂಡಾಲ್_ಹುಬ್ಬಳ್ಳಿ:

ಅಣ್ಣಾರ ನಾ ಆಯೋಜಕರ ಕಡೆಯಾಂವ, ಹುಬ್ಬಳ್ಳಿಯೊಳಗ ಹನ್ನೆರಡು ವರ್ಷದಿಂದ ಗಣಪತಿ ಕಮಿಟಿ ಲೆಕ್ಕಾ ಬರಿಯಾಕತ್ತೇನಿ, ನನ್ನ ಬೈರಿ ಬೇಕಾದ್ರ ಆದ್ರ ಖರೇ ಹೇಳ್ತೇನಿ. ಪಟ್ಟಿ (ಚಂದಾ) ಎತ್ತಿದ್ದು ಮೊದಲಿನಷ್ಟ ಬರ್ತೈತಿ, ಖರ್ಚು ಮಾತ್ರ ಎರಡು ಪಟ್ಟು ಆಗೇತಿ. ಜನರೇಟರ್, ಲೈಟಿಂಗ್, ಆ ಎಲ್‌ಇಡಿ ಗ್ವಾಡಿ ಇಲ್ಲಂದ್ರ ಮಂದಿ ಕುಂದ್ರಂಗಿಲ್ಲ, ಮ್ಯಾಲೆ ಟೀವಿ ಶೋದಾಗ ಬಂದ ಒಬ್ರು ಸಿಂಗರ್ ಬೇಕ ಬೇಕು, ಅವರ ರೊಕ್ಕಾ ಕೊಟ್ಟ ಮ್ಯಾಲೆ ಕೈಯಾಗ ಉಳಿಯೂದ ಇಷ್ಟ. ಹತ್ತು ಗಂಟೆಗೆ ಪೊಲೀಸ್ರು ಬಂದು ಮೈಕ್ ಬಂದ್ ಮಾಡಸ್ತಾರ, ನೀವು ಬ್ಯಾಂಡಿನವರು ಸೌಂಡ್ ಚೆಕ್ ಹೇಳಿ ಚೆಕ್ ಚೆಕ್ ಅಂತ ಎಂಟೂವರಿ ಮಾಡ್ತೀರಿ. ಲ್ಯಾಪ್‌ಟಾಪ್ ಹತ್ತು ನಿಮಿಷದಾಗ ತಯಾರ. ಕುಡದು ಬರಂಗಿಲ್ಲ, ಊಟಾ ಕೇಳಂಗಿಲ್ಲ.

ತಪ್ಪ ತಿಳಕೋಬ್ಯಾಡ್ರಿ, ನನಗೂ ಲೈವ್ ಬ್ಯಾಂಡ್ ಅಂದ್ರ ಜೀವಾ. ಆದ್ರ ಮಂದಿ ಮೊಬೈಲ್ ಎತ್ತಿ ವಿಡಿಯೋ ಮಾಡೂದು ಹಾಡವರದು, ಢೋಲಕ್ ಬಾರಸವರದಲ್ಲ.

---

ಎಪ್ಪತ್ತೆಂಟು_ಆರ್‌ಪಿಎಂ:

ತುಮಕೂರಿನವ್ರೇ, ನೀವು ಕಬ್ಬಿನಹಾಲಿನ ಗಾಡಿ ಪಕ್ಕ ನಿಂತು ಅನುಭವಿಸಿದ್ದನ್ನ ಅಮೆರಿಕದ ಮ್ಯೂಸಿಷಿಯನ್ಸು 1942ರಲ್ಲೇ ಅನುಭವಿಸಿ ಆಗಿದೆ. ನಾನು ಹಳೇ ರೆಕಾರ್ಡ್ ಸೇರಿಸೋ ಹುಚ್ಚಿನೋನು, ಆ ಎರಡು ವರ್ಷದ ಅಮೆರಿಕನ್ ಡಿಸ್ಕ್ ಸಿಗೋದೇ ಕಮ್ಮಿ, ಯಾಕೆ ಅಂತ ಹುಡುಕ್ತಾ ಹೋದಾಗ ಈ ಕತೆ ಸಿಕ್ತು. ಬಿಡುವಾಗಿ ಓದಿ.

ಮೊದಲು ಹಿನ್ನೆಲೆ. ಮೂಕಿ ಸಿನಿಮಾ ಕಾಲದಲ್ಲಿ ಅಲ್ಲಿ ಎಷ್ಟೋ ಥಿಯೇಟರಲ್ಲಿ ಪರದೆ ಮುಂದೆ ಒಂದು ವಾದ್ಯಗೋಷ್ಠಿ ಕೂತಿರ್ತಿತ್ತು. 1927ರಲ್ಲಿ ಟಾಕಿ ಬಂತು, ಮೂರ್ನಾಲ್ಕು ವರ್ಷದಲ್ಲಿ ಆ ಸಾವಿರಾರು ಜನ ಬೀದಿಗೆ ಬಂದ್ರು. ಅವರ ಯೂನಿಯನ್ನು, ಅಮೆರಿಕನ್ ಫೆಡರೇಶನ್ ಆಫ್ ಮ್ಯೂಸಿಷಿಯನ್ಸು, ಪೇಪರಲ್ಲಿ ದೊಡ್ಡ ದೊಡ್ಡ ಜಾಹೀರಾತು ಕೊಡ್ತು, ಒಂದು ರೋಬೋ ವಾದ್ಯ ನುಡಿಸ್ತಾ ಇರೋ ಚಿತ್ರ ಹಾಕಿ, ಈ ಡಬ್ಬಿ ಸಂಗೀತ ಬೇಡ ಅನ್ನಿ ಅಂತ ಜನಕ್ಕೆ ಮನವಿ. ಜನ ಕ್ಯಾರೇ ಅನ್ಲಿಲ್ಲ. ನಿಮ್ಮ ಪೆಂಡಾಲಿನ ಜನರ ಹಂಗೇ.

ಆಮೇಲೆ ರೇಡಿಯೋ, ಜ್ಯೂಕ್‌ಬಾಕ್ಸು. ಹೋಟೆಲಲ್ಲಿ ಬ್ಯಾಂಡ್ ಬದಲು ನಾಣ್ಯ ಹಾಕೋ ಪೆಟ್ಟಿಗೆ. ಆಗ ಯೂನಿಯನ್ ಅಧ್ಯಕ್ಷ ಜೇಮ್ಸ್ ಪೆಟ್ರಿಲ್ಲೋ ಅಂತ, ಶಿಕಾಗೋದೋನು, ಟ್ರಂಪೆಟ್ ಊದ್ತಾ ಇದ್ದೋನು, ಕ್ರಿಮಿ ಅಂದ್ರೆ ಎಷ್ಟು ಭಯ ಅಂದ್ರೆ ಶೇಕ್‌ಹ್ಯಾಂಡಿಗೆ ಕಿರುಬೆರಳು ಮಾತ್ರ ಕೊಡ್ತಿದ್ನಂತೆ. ಅವನು ಹೇಳ್ತಿದ್ದ ಮಾತಿನ ಸಾರ ಏನಂದ್ರೆ, ಐಸ್ ಮಾರೋನು ಫ್ರಿಡ್ಜ್ ಕಂಡುಹಿಡೀಲಿಲ್ಲ, ಕುದುರೆಗಾಡಿಯೋನು ಕಾರ್ ಕಟ್ಲಿಲ್ಲ, ಮ್ಯೂಸಿಷಿಯನ್ ಒಬ್ನೇ ತನ್ನ ಕೆಲಸ ತಿನ್ನೋ ಯಂತ್ರಾನ ತಾನೇ ಕೂತು ನುಡಿಸಿ ತಯಾರು ಮಾಡ್ಕೊಡ್ತಾನೆ. 1942ರ ಆಗಸ್ಟ್ 1ರಿಂದ ಯಾರೂ ರೆಕಾರ್ಡಿಂಗಿಗೆ ನುಡಿಸಬಾರದು ಅಂತ ಆದೇಶ ಹೊರಡ್ತು. ಲಕ್ಷಕ್ಕೂ ಮೀರಿ ಸದಸ್ಯರು, ಇಡೀ ದೇಶದ ಸ್ಟುಡಿಯೋಗಳಲ್ಲಿ ವಾದ್ಯ ಬಂದ್. ಕೇಳಿದ್ದು ಇಷ್ಟು: ಮಾರಾಟವಾಗೋ ಒಂದೊಂದು ರೆಕಾರ್ಡಿಗೆ ಇಷ್ಟು ಅಂತ ಯೂನಿಯನ್ ನಿಧಿಗೆ ಕಟ್ಟಿ, ಆ ದುಡ್ಡಲ್ಲಿ ಕೆಲಸ ಕಳ್ಕೊಂಡವ್ರ ಕೈಲಿ ಪಾರ್ಕಲ್ಲಿ, ಆಸ್ಪತ್ರೇಲಿ ಉಚಿತ ಕಛೇರಿ ಮಾಡಿಸ್ತೀವಿ.

ಕಂಪನಿಗಳು ಏನ್ ಮಾಡಿದ್ವು? ಜುಲೈ ತಿಂಗಳು ಪೂರ್ತಿ ಹಗಲೂ ರಾತ್ರಿ ರೆಕಾರ್ಡ್ ಮಾಡಿ ಗೋದಾಮು ತುಂಬಿಸ್ಕೊಂಡ್ವು. ಅದು ಮುಗೀತಿದ್ದಂಗೆ ಹಳೇದನ್ನ ತೆಗೆದು ಮಾರಿದ್ವು. ಫ್ರಾಂಕ್ ಸಿನಾಟ್ರಾ ಅನ್ನೋ ಗಾಯಕ 1939ರಲ್ಲಿ ಹಾಡಿ ಯಾರೂ ಮೂಸದ ಒಂದು ಹಾಡನ್ನ 1943ರಲ್ಲಿ ಮತ್ತೆ ಬಿಟ್ರು, ಅದು ಸೂಪರ್ ಹಿಟ್. ಯುದ್ಧ ಬೇರೆ ನಡೀತಿತ್ತು, ಡಿಸ್ಕ್ ಮಾಡೋ ಅರಗು ನಮ್ಮ ದೇಶದಿಂದ ಹೋಗ್ಬೇಕು, ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಾಕ್ತಾರಲ್ಲ ಅದೇ ಅರಗು, ಅದು ಸಿಗದೆ 1942ರ ಏಪ್ರಿಲಲ್ಲೇ ರೆಕಾರ್ಡಿಗೆ ಅರಗಿನ ಬಳಕೆ ಶೇ. 70 ಕಡಿತ ಮಾಡಿದ್ರು. ಹಂಗಾಗಿ ಕಂಪನಿಗಳಿಗೆ ಹೊಸ ರೆಕಾರ್ಡಿನ ಅವಸರವೂ ಅಷ್ಟಾಗಿ ಇರ್ಲಿಲ್ಲ.

ಇನ್ನೊಂದು ದೊಡ್ಡ ತೂತು ಇತ್ತು, ಇದೇ ನಿಮಗೆ ಬೇಕಾಗಿರೋದು. ಹಾಡೋರು ಆ ಯೂನಿಯನ್ನಲ್ಲಿ ಇರ್ಲಿಲ್ಲ! ಕಂಪನಿಗಳು ಸಿನಾಟ್ರಾನ ಕೂರಿಸಿ, ಹಿಂದೆ ವಾದ್ಯದ ಬದಲು ಊ ಆ ಅನ್ನೋ ಕೋರಸ್ ಇಟ್ಟು ರೆಕಾರ್ಡ್ ಮಾಡಿದ್ವು. ಮೌತ್ ಆರ್ಗನ್ನನ್ನ ಯೂನಿಯನ್ನು ವಾದ್ಯ ಅಂತಾನೇ ಲೆಕ್ಕಕ್ಕೆ ಇಟ್ಕೊಂಡಿರ್ಲಿಲ್ಲ, ಅದನ್ನೂ ಬಳಸ್ಕೊಂಡ್ರು. ಅದುವರ್ಗೂ ಬ್ಯಾಂಡ್ ಲೀಡರ್ ಹೆಸರಲ್ಲಿ ಡಿಸ್ಕ್ ಮಾರಾಟ, ಹಾಡೋನು ಒಂದು ಮೂಲೇಲಿ. ಯುದ್ಧ ಮುಗಿಯೋಷ್ಟರಲ್ಲಿ ಹಾಡೋನು ಮುಂದೆ, ಬ್ಯಾಂಡು ಹಿಂದೆ. ಅದಕ್ಕೆ ಬೇರೆ ಕಾರಣಗಳೂ ಇದ್ವು, ಹುಡುಗ್ರೆಲ್ಲ ಯುದ್ಧಕ್ಕೆ ಹೋಗಿದ್ರು, ಬಸ್ಸಿಗೆ ಪೆಟ್ರೋಲ್ ರೇಷನ್ನು, ಆದ್ರೂ ಈ ಸ್ಟ್ರೈಕ್ ಒಂದು ಕೈ ಹಾಕ್ತು. ಹುಬ್ಬಳ್ಳಿಯವ್ರು ಹೇಳಿದ ಮೊಬೈಲ್ ವಿಡಿಯೋ ಕತೆ ಹೆಚ್ಚುಕಮ್ಮಿ ಅಲ್ಲಿಂದ ಶುರು.

ಗೆದ್ರಾ ಅಂದ್ರೆ ಗೆದ್ರು. 1943ರ ಸೆಪ್ಟೆಂಬರಲ್ಲಿ ಡೆಕ್ಕಾ ಅನ್ನೋ ರೆಕಾರ್ಡ್ ಕಂಪನಿ ಸಹಿ ಹಾಕ್ತು, ಮುಂದಿನ ತಿಂಗಳು ಕ್ಯಾಪಿಟಲ್ಲು. ದೊಡ್ಡೋರು, ಆರ್‌ಸಿಎ ವಿಕ್ಟರು ಕೊಲಂಬಿಯಾ, ಜಗ್ಗಲಿಲ್ಲ. ಪ್ರೆಸಿಡೆಂಟ್ ರೂಸ್‌ವೆಲ್ಟೇ ಕಾಗದ ಬರೆದು ಯುದ್ಧದ ಸಮಯ, ನಿಲ್ಲಿಸಪ್ಪ ಅಂದ್ರೂ ಪೆಟ್ರಿಲ್ಲೋ ಆಗಲ್ಲ ಅಂದ. 1944ರ ನವೆಂಬರಲ್ಲಿ ಅವೆರಡೂ ಬಂದು ಸಹಿ ಹಾಕಿದ್ವು, ಡೆಕ್ಕಾ ಮಾರ್ಕೆಟ್ ತಿಂತಾ ಇತ್ತಲ್ಲ. ಕಂಪನಿ ದುಡ್ಡನ್ನ ಯೂನಿಯನ್ನೇ ನಡೆಸೋ ನಿಧಿಗೆ ಕಟ್ಟೋಹಂಗಿಲ್ಲ ಅನ್ನೋ 1947ರ ಕಾನೂನಿಂದ ಆ ನಿಧಿ ಆಮೇಲೆ ಏಟು ತಿಂತು, 1948 ಪೂರ್ತಿ ಇನ್ನೊಂದು ಸ್ಟ್ರೈಕ್ ಮಾಡಿ ಟ್ರಸ್ಟ್ ರೂಪದಲ್ಲಿ ಉಳಿಸ್ಕೊಂಡ್ರು. ಅದು ಇವತ್ತಿಗೂ ಇದೆ.

ನಷ್ಟ ಏನಾಯ್ತು ಅಂದ್ರೆ ನನ್ನಂಥೋನಿಗೆ ಕರುಳು ಕಿತ್ತು ಬರುತ್ತೆ. 1943ರಲ್ಲಿ ಅರ್ಲ್ ಹೈನ್ಸ್ ಅನ್ನೋರ ಜಾಝ್ ಬ್ಯಾಂಡಲ್ಲಿ ಚಾರ್ಲಿ ಪಾರ್ಕರು ಡಿಜಿ ಗಿಲೆಸ್ಪಿ ಅಂತ ಇಬ್ರು ದೊಡ್ಡ ವಾದಕರೂ ಒಟ್ಟಿಗೆ ಇದ್ರು, ಬೀಬಾಪ್ ಅನ್ನೋ ಹೊಸ ಜಾಝ್ ಶೈಲಿ ಹುಟ್ಟುತಾ ಇದ್ದ ಹೊತ್ತು, ಆ ಬ್ಯಾಂಡಿನ ಒಂದೇ ಒಂದು ಸ್ಟುಡಿಯೋ ಡಿಸ್ಕ್ ಇಲ್ಲ. ಹೇಗಿತ್ತೋ ಯಾರಿಗೂ ಗೊತ್ತಿಲ್ಲ.

---

ರಿದಂಪ್ಯಾಡ್_ತುಮಕೂರು:

ಎರಡು ಸಲ ಓದಿದೆ ಸರ್. ಆ ಐಸ್ ಮಾರೋನ ಮಾತು ಓದಿ ಒಂದು ವಿಷಯ ಹೇಳ್ಬೇಕು ಅನ್ನಿಸ್ತು, ಮೊದಲು ಬರೆಯೋವಾಗ ನಾಚಿಕೆಯಾಗಿ ಬಿಟ್ಟಿದ್ದೆ.

ಅವತ್ತು ಅಲ್ಲಿ ನಿಂತಿದ್ನಲ್ಲ, ನಾಲ್ಕನೇ ಹಾಡೋ ಐದನೇದೋ, ಒಂದು ಜಾನಪದ ಹಾಡು ಬಂತು. ಕೇಳ್ತಾ ಕೇಳ್ತಾ ಬೆರಳು ತಾನಾಗೇ ಗ್ಲಾಸ್ ಮೇಲೆ ಅದೇ ನುಡಿಸ್ತಾ ಇದೆ. ಎಂಟು ಮಾತ್ರೆಗೊಂದು ಸಲ ಕೊನೇಲಿ ಸಣ್ಣಕ್ಕೆ 'ಟಕ್' ಅನ್ನುತ್ತೆ. ಆ ಟಕ್ ನನ್ ಉಂಗುರದ್ದು. ಬಲಗೈ ಉಂಗುರ ಢೋಲಕ್ಕಿನ ಕಟ್ಟಿಗೆ ತಾಗೋ ಶಬ್ದ, ಎಷ್ಟೋ ಜನ ಗುರುಗಳ ಹತ್ರ ಬೈಸ್ಕೊಂಡಿದೀನಿ ಅದಕ್ಕೆ. 2019ರಲ್ಲಿ ನಮ್ ಕೀಬೋರ್ಡ್ ಹುಡುಗ ಒಬ್ಬ ಮನೇಲಿ ಸಣ್ಣ ಸ್ಟುಡಿಯೋ ಮಾಡ್ಕೊಂಡಿದ್ದ, ಅಣ್ಣಾ ಒಂದ್ ಮೂವತ್ತು ಲೂಪ್ (ಮತ್ತೆ ಮತ್ತೆ ಸುತ್ತಿಸೋ ತಾಳದ ತುಣುಕು) ನುಡಿಸ್ಕೊಡಿ ಪ್ರಾಕ್ಟೀಸಿಗೆ ಬೇಕು ಅಂದ, ಒಂದು ಮಧ್ಯಾಹ್ನ ಕೂತು ನುಡಿಸ್ಕೊಟ್ಟೆ, ಬಿರಿಯಾನಿ ತರಿಸಿದ್ದ. ಅದೇ ಲೂಪು. ಅವನು ಅದರಲ್ಲಿ ಟ್ರ್ಯಾಕ್ ಮಾಡಿ ಒಂದೊಂದು 500ಕ್ಕೆ ಮಾರಿದಾನೆ, ಅದು ಪೆನ್‌ಡ್ರೈವಿಂದ ಪೆನ್‌ಡ್ರೈವಿಗೆ ಎಲ್ಲೆಲ್ಲಿಗೆ ಹೋಗಿದ್ಯೋ.

ಅಂದ್ರೆ ನಾನು ಸ್ಟ್ರೈಕ್ ಮಾಡಿ ಕೆಳಗೆ ನಿಂತಿದೀನಿ, ನಾನೇ ಸ್ಟೇಜ್ ಮೇಲೆ ನುಡಿಸ್ತಾ ಇದೀನಿ. ನನ್ ಸ್ಟ್ರೈಕ್ ಮುರಿದೋನು ನಾನೇ.

---

ಸುಮ್ನೆ_ಓದೋನು:

ಅಯ್ಯೋ ದೇವ್ರೆ. ತಮಾಷೆ ಮಾಡಿದ್ದಕ್ಕೆ ಸಾರಿ ಅಣ್ಣ

---

ಕ್ವಾರ್ಟರ್ಸ್_ಮಗಳು:

ನಾನು ಸಂಗೀತದೋಳಲ್ಲ, ಆದ್ರೆ ಸ್ಟ್ರೈಕ್ ನೋಡಿ ಬೆಳೆದೋಳು. ನಮ್ಮಪ್ಪ ಬೆಂಗಳೂರಲ್ಲಿ ಪಬ್ಲಿಕ್ ಸೆಕ್ಟರ್ ಫ್ಯಾಕ್ಟರೀಲಿ ಫಿಟರ್ ಆಗಿದ್ರು, 1980-81ರ ದೊಡ್ಡ ಸ್ಟ್ರೈಕಲ್ಲಿ ಇದ್ರು, 77 ದಿನ. ನನಗಾಗ ಎಂಟು ವರ್ಷ. ಅಮ್ಮ ಸಾಲ ಹೇಳಿ ತಂದ ರಾಗಿ ಲೆಕ್ಕ ಬರೀತಿದ್ದ ನೋಟ್‌ಬುಕ್ ಇನ್ನೂ ಇದೆ. ಅಪ್ಪ ಬಿಡಿಸಿ ಹೇಳ್ತಿದ್ದಿದ್ದು ಒಂದೇ: ಸ್ಟ್ರೈಕಿಗೆ ಮುಂಚೆ ಗೋದಾಮು ನೋಡು. ಗೋದಾಮಲ್ಲಿ ಮಾಲು ತುಂಬಿದ್ರೆ ನೀನು ಸ್ಟ್ರೈಕ್ ಮಾಡಿದ್ರೆ ಮ್ಯಾನೇಜ್‌ಮೆಂಟಿಗೆ ಸಂಬಳ ಉಳಿತಾಯ.

1982ರಲ್ಲಿ ಬಾಂಬೆ ಮಿಲ್ ಸ್ಟ್ರೈಕ್ ಆಯ್ತಲ್ಲ, ಯೂನಿಯನ್ ಲೀಡರ್ ದತ್ತಾ ಸಾಮಂತರದ್ದು, ಎರಡೂವರೆ ಲಕ್ಷ ಜನ ಹೊರಗೆ ಬಂದ್ರು, ಅಷ್ಟು ದೊಡ್ಡ ಒಗ್ಗಟ್ಟು ಮತ್ತೆಲ್ಲಿ ಬರುತ್ತೆ. ಆದ್ರೆ ಪಕ್ಕದ ಊರು ಭಿವಂಡಿಯ ಪವರ್‌ಲೂಮ್‌ಗಳಲ್ಲಿ ಬಟ್ಟೆ ನೇಯೋದು ನಿಲ್ಲಲೇ ಇಲ್ಲ, ಮಿಲ್ ಮಾಲೀಕರಿಗೆ ಅಲ್ಲಿಂದ ಮಾಲು ಬರ್ತಾನೇ ಇತ್ತು. ಸ್ಟ್ರೈಕಿಗೆ ಯಾರೂ ಮುಗೀತು ಅಂತ ಕೂಡ ಹೇಳ್ಲಿಲ್ಲ, ಹಂಗೇ ಕರಗಿ ಹೋಯ್ತು. ನಿಮ್ಮ ಲ್ಯಾಪ್‌ಟಾಪು ನಿಮ್ಮ ಭಿವಂಡಿ. ಬೇಜಾರ್ ಮಾಡ್ಕೋಬೇಡಿ, ಮನಸಿಗೆ ಬಂದಿದ್ದು ಹೇಳಿದೆ.

---

ಜರ್ಸಿ_ಕನ್ನಡಿಗ:

ನ್ಯೂಜೆರ್ಸಿಯಿಂದ ಬರೀತಿದೀನಿ. ಮೇಡಂ ಹೇಳಿದ್ದು ನಿಜ, ಆದ್ರೆ ಲ್ಯಾಪ್‌ಟಾಪ್ ಎದುರು ಸ್ಟ್ರೈಕ್ ನಿಂತಿರೋ ಉದಾಹರಣೆನೂ ಇದೆ, ನಮ್ ಪಕ್ಕದಲ್ಲೇ, ನಾನು ಇಲ್ಲಿಗೆ ಬಂದ ಹೊಸದ್ರಲ್ಲಿ. 2003ರ ಮಾರ್ಚ್, ನ್ಯೂಯಾರ್ಕಿನ ಬ್ರಾಡ್‌ವೇ. ಅಲ್ಲಿ ಮ್ಯೂಸಿಕಲ್ ನಾಟಕಗಳಿಗೆ ಸ್ಟೇಜ್ ಕೆಳಗೆ ಗುಂಡಿಯಲ್ಲಿ ಲೈವ್ ಆರ್ಕೆಸ್ಟ್ರಾ ಕೂರುತ್ತೆ, ದೊಡ್ಡ ಥಿಯೇಟರಲ್ಲಿ ಇಂತಿಷ್ಟು ಜನಕ್ಕಿಂತ ಕಮ್ಮಿ ಇರಬಾರದು ಅಂತ ಒಪ್ಪಂದ, ಇಪ್ಪತ್ತನಾಲ್ಕು ಇಪ್ಪತ್ತಾರು ಹಿಂಗೆ. ನಿರ್ಮಾಪಕರು ಆ ಸಂಖ್ಯೆ ಕಿತ್ತಾಕ್ಬೇಕು ಅಂದ್ರು. ಲೋಕಲ್ 802 ಅಂತ ಅಲ್ಲಿನ ಯೂನಿಯನ್ನು, ಸ್ಟ್ರೈಕ್ ಅಂತು. ನಿರ್ಮಾಪಕರು ನಗ್ತಾ ಇದ್ರು, ಯಾಕಂದ್ರೆ ವರ್ಚುವಲ್ ಆರ್ಕೆಸ್ಟ್ರಾ ಅಂತ ಕಂಪ್ಯೂಟರ್ ತಂದು ರಿಹರ್ಸಲ್ ಕೂಡ ಮಾಡಿಸಿ ಇಟ್ಕೊಂಡಿದ್ರು. ಪಕ್ಕಾ ನಿಮ್ ಆಯೋಜಕರ ಡೈಲಾಗು, ಪರವಾಗಿಲ್ಲ ಬಿಡಿ.

ಆದ್ರೆ ಶೋ ನಡೀಲಿಲ್ಲ. ಯಾಕೆ? ನಟರ ಯೂನಿಯನ್ನು, ಪರದೆ ಎಳೆಯೋ ಸ್ಟೇಜ್‌ಹ್ಯಾಂಡ್‌ಗಳ ಯೂನಿಯನ್ನು, ಎರಡೂ ಬಂದು ಮ್ಯೂಸಿಷಿಯನ್ಸ್ ಪಿಕೆಟ್ ಲೈನ್ (ಬಾಗಿಲ ಮುಂದಿನ ಧರಣಿ ಸಾಲು) ದಾಟಲ್ಲ ಅಂದ್ಬಿಟ್ವು. ಹಾಡೋರೇ ಸ್ಟೇಜ್ ಹತ್ತಲ್ಲ ಅಂದ್ರೆ ಕಂಪ್ಯೂಟರ್ ಯಾರಿಗೆ ನುಡಿಸುತ್ತೆ? ಹದಿನೆಂಟು ಮ್ಯೂಸಿಕಲ್ ಬಂದ್. ನಾಲ್ಕೇ ದಿನ. ಹೋಟೆಲ್ ಟ್ಯಾಕ್ಸಿ ಎಲ್ಲ ಹೊಡೆತ ತಿಂದು ಮೇಯರ್ ಬ್ಲೂಮ್‌ಬರ್ಗ್ ತನ್ನ ಸರ್ಕಾರಿ ಬಂಗ್ಲೆಗೆ ಕರ್ಸಿ ರಾತ್ರಿಯೆಲ್ಲ ಕೂರಿಸಿ ರಾಜಿ ಮಾಡಿಸಿದ್ರು. ಪೂರ್ತಿ ಗೆದ್ರು ಅಂತ ಹೇಳಲ್ಲ, ದೊಡ್ಡ ಥಿಯೇಟರಿನ ಸಂಖ್ಯೆ ಹದಿನೆಂಟು ಹತ್ತೊಂಬತ್ತಕ್ಕೆ ಇಳೀತು. ಆದ್ರೆ ಸೊನ್ನೆ ಆಗ್ಲಿಲ್ಲ, ಹತ್ತು ವರ್ಷದ ಗ್ಯಾರಂಟಿ ಸಿಕ್ತು.

1942ರಲ್ಲಿ ಹಾಡೋರು ಆ ಕಡೆ ಇದ್ರು, 2003ರಲ್ಲಿ ಈ ಕಡೆ ಇದ್ರು. ವ್ಯತ್ಯಾಸ ಅಷ್ಟೇ ಅನ್ನಿಸುತ್ತೆ ನಂಗೆ. 2023ರಲ್ಲಿ ಹಾಲಿವುಡ್ಡಲ್ಲೂ ಅಷ್ಟೆ, ಬರೆಯೋರು 148 ದಿನ, ನಟರು 118 ದಿನ, ಇಬ್ರದ್ದೂ ಮಧ್ಯ ಒಟ್ಟಿಗೆ ಬಂತು ನೋಡಿ, ಆಗ ಸ್ಟುಡಿಯೋಗಳಿಗೆ ಬಿಸಿ ತಟ್ಟಿದ್ದು. ಅದರ ಬೆನ್ನಲ್ಲೇ 2024ರಲ್ಲಿ ಮ್ಯೂಸಿಷಿಯನ್ಸ್ ಯೂನಿಯನ್ನು ಸ್ಟ್ರೈಕೇ ಮಾಡದೆ ಸ್ಟ್ರೀಮಿಂಗ್ ದುಡ್ಡಲ್ಲಿ ಪಾಲು, ಎಐ ಬಗ್ಗೆ ಷರತ್ತು ಎರಡೂ ತಗೊಂಡ್ರು.

---

ಎಐ_ಹುಡ್ಗ:

ಎಲ್ರೂ ಹಳೇ ಕತೆ ಹೇಳ್ತಿದೀರ. ಡೀಜರ್ ಅನ್ನೋ ಹಾಡು ಕೇಳೋ ಫ್ರೆಂಚ್ ಆ್ಯಪ್‌ನೋರು 2025ರ ಏಪ್ರಿಲಲ್ಲಿ ಹೇಳಿದ್ರು, ದಿನಕ್ಕೆ ಬರೋ ಹೊಸ ಟ್ರ್ಯಾಕಲ್ಲಿ ಶೇ. 18 ಪೂರ್ತಿ ಎಐದು, ಇಪ್ಪತ್ತು ಸಾವಿರಕ್ಕೂ ಜಾಸ್ತಿ. ಇನ್ನೆರಡು ವರ್ಷಕ್ಕೆ ಪೆನ್‌ಡ್ರೈವ್ ಟ್ರ್ಯಾಕೂ ಬೇಕಾಗಲ್ಲ ಬ್ರೋ, ಸಿಂಗರ್ರೂ ಬೇಕಾಗಲ್ಲ. ಅಂಗಡಿ ನೋಡ್ಕೊಳ್ಳಿ.

---

ಎಪ್ಪತ್ತೆಂಟು_ಆರ್‌ಪಿಎಂ:

ತಮ್ಮಾ, ಮೊಬೈಲ್ ರಿಪೇರಿ ಮಾತ್ರ ಶಾಶ್ವತ ಅಂತ ಯಾರ್ ಹೇಳಿದ್ದು ನಿಂಗೆ?

---

ಪಲ್ಲವಿ_ಚರಣ:

ನಾನು ಹಾಡು ಬರೀತೀನಿ, ಸಣ್ಣಪುಟ್ಟ ಸಿನಿಮಾಗೆ. ಒಂದು ವಿಷಯ ಸೇರಿಸ್ತೀನಿ, ಯಾಕಂದ್ರೆ ಇಲ್ಲಿ ಎಲ್ರೂ 'ಮ್ಯೂಸಿಕ್‌ನೋರು' ಅಂತ ಒಂದೇ ಮೂಟೆ ಕಟ್ತಿದೀರ. ನಮ್ಮಲ್ಲಿ 2012ರಲ್ಲಿ ಕಾಪಿರೈಟ್ ಕಾನೂನು ತಿದ್ದುಪಡಿ ಆಯ್ತು, ಜಾವೇದ್ ಅಖ್ತರ್ ರಾಜ್ಯಸಭೇಲಿ ನಿಂತು ಹೋರಾಡಿದ್ರು. ಅದರಿಂದ ಬರೆದೋರಿಗೆ, ರಾಗ ಹಾಕಿದೋರಿಗೆ ರಾಯಲ್ಟಿ ಹಕ್ಕು ಬಂತು, ಆ ಹಕ್ಕನ್ನ ನಿರ್ಮಾಪಕ ಸಹಿ ಹಾಕಿಸ್ಕೊಂಡು ಕಿತ್ಕೊಳೋಕೂ ಆಗಲ್ಲ. ನಂಗೆ ವರ್ಷಕ್ಕೆ ಐಪಿಆರ್‌ಎಸ್‌ನಿಂದ, ಅಂದ್ರೆ ರಾಯಲ್ಟಿ ವಸೂಲಿ ಮಾಡಿ ಹಂಚೋ ಸಂಸ್ಥೆಯಿಂದ, ಒಂದಿಷ್ಟು ಬರುತ್ತೆ, ಹೇಳ್ಕೊಳ್ಳೋಷ್ಟಿಲ್ಲ, ಆದ್ರೆ ಬರುತ್ತೆ. ಆ ಹಾಡಿಗೆ ವಯಲಿನ್ ನುಡಿಸಿದ ಅಂಕಲ್‌ಗೆ ಅವತ್ತಿನ ಕಾಲ್‌ಶೀಟ್ ದುಡ್ಡು ಬಿಟ್ರೆ ಏನಿಲ್ಲ. ಅವರನ್ನ ನೋಡಿದಾಗ ಕಾಫಿ ನಾನೇ ಕೊಡಿಸ್ತೀನಿ, ಇನ್ನೇನ್ ಮಾಡ್ಲಿ.

ನಮ್ಮೊಳಗೇ ಒಗ್ಗಟ್ಟು ಯಾವತ್ತೂ ಕಷ್ಟ. 60ರ ದಶಕದ ಶುರುವಲ್ಲಿ ಲತಾ ಮಂಗೇಶ್ಕರ್ ಹಾಡೋರಿಗೂ ರಾಯಲ್ಟಿ ಬೇಕು ಅಂದ್ರು, ಮೊಹಮ್ಮದ್ ರಫಿ ಹಾಡಿದ ದುಡ್ಡು ಕೊಟ್ಟ ಮೇಲೆ ಮುಗೀತು ಅಂದ್ರು, ಇಬ್ರೂ ಕೆಲವು ವರ್ಷ ಒಟ್ಟಿಗೆ ಹಾಡಲೇ ಇಲ್ಲ. ಅಮೆರಿಕದ ಆ ನಿಧಿ ಕತೆಯೂ ಕೊನೆಗೆ ಜಗಳಕ್ಕೇ ಹೋಯ್ತು ಅಲ್ವಾ? 50ರ ದಶಕದ ಕೊನೇಲಿ ಲಾಸ್ ಏಂಜಲೀಸ್ ಸ್ಟುಡಿಯೋ ಪ್ಲೇಯರ್ಸು, ಸೆಸಿಲ್ ರೀಡ್ ಅನ್ನೋ ಟ್ರಂಪೆಟ್‌ನೋರ ಜೊತೆ, ನಾವ್ ನುಡಿಸಿದ್ದಕ್ಕೆ ಬರೋ ದುಡ್ಡು ಯಾವುದೋ ಊರಿನ ಪಾರ್ಕ್ ಕಛೇರಿಗೆ ಯಾಕೆ ಹೋಗ್ಬೇಕು ಅಂತ ಬೇರೆ ಯೂನಿಯನ್ನೇ ಕಟ್ಕೊಂಡ್ರು. ಇಬ್ರದ್ದೂ ಸರಿ ಅನ್ಸುತ್ತೆ, ಅದೇ ತೊಂದ್ರೆ.

ಸ್ಟ್ರೀಮಿಂಗ್ ನಂಬ್ಕೊಂಡು ಯಾರೂ ಕೂರಬೇಡಿ ದಯವಿಟ್ಟು. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸ್ಕೊಂಡಿಲ್ಲ ಅಂದ್ರೆ ಅದರ ರೆಕಾರ್ಡಿಂಗಿಗೆ ದುಡ್ಡೇ ಇಲ್ಲ. ನನ್ನ ಭಾವಗೀತೆ ಆಲ್ಬಂ ಒಂದಿದೆ, 640. ಅದ್ರಲ್ಲಿ ಅರ್ಧ ನಮ್ಮಮ್ಮ.

---

ಟ್ರ್ಯಾಕ್_ಸಿಂಗರ್:

ಮೂರು ದಿನದಿಂದ ಓದ್ತಾ ಇದೀನಿ, ಬರೀಲೋ ಬೇಡ್ವೋ ಅಂತ. ನಾನು ಶಿವಮೊಗ್ಗ ಕಡೆ, ಲ್ಯಾಪ್‌ಟಾಪ್ ಹಾಕ್ಕೊಂಡು ಹಾಡೋ ಸಿಂಗರ್ರೇ ನಾನು. ಎಲ್ರೂ ಹಾಡೋರು ಆ ಕಡೆ ಈ ಕಡೆ ಅಂತಿದೀರಲ್ಲ, ಹಾಡೋರನ್ನ ಯಾರಾದ್ರೂ ಕೇಳಿದೀರಾ?

ತುಮಕೂರಣ್ಣ, ನೀವು ಹದಿನಾಲ್ಕು ಜನ ಟೀ ಅಂಗಡೀಲಿ ಕೂತ್ರಲ್ಲ, ಅದ್ರಲ್ಲಿ ಒಬ್ರಾದ್ರೂ ಸಿಂಗರ್ ಇದ್ರಾ? ಕರೆದ್ರಾ? ನಿಮ್ ಗ್ರೂಪಿಗೆ ಸೇರಿಸಿದ್ರಾ? ನಮಗೆ ಗೊತ್ತಾಗೋದು ಆಯೋಜಕರು ಫೋನ್ ಮಾಡಿ "ಬ್ಯಾಂಡ್‌ನೋರು ಕಿರಿಕ್ ಮಾಡ್ತಿದಾರೆ, ಟ್ರ್ಯಾಕ್ ಇದ್ಯಲ್ಲ ನಿಮ್ ಹತ್ರ" ಅಂದಾಗ್ಲೇ. ಟೀವಿಲಿ ಬಂದ ಸಿಂಗರ್‌ಗೆ ಕೊಡೋ ದುಡ್ಡು ಎಲ್ಲ ಸಿಂಗರ್‌ಗೂ ಕೊಡ್ತಾರೆ ಅನ್ಕೊಂಡಿದೀರ. ನಂಗೆ 3,000, ಅದ್ರಲ್ಲಿ ಸೀರೆ, ಮೇಕಪ್ಪು, ರಾತ್ರಿ ಹನ್ನೊಂದಕ್ಕೆ ವಾಪಸ್ ಬರೋಕೆ ಜೊತೆಗೊಬ್ರು ಬೇಕು ಅಂತ ಚಿಕ್ಕಪ್ಪನ ಬಸ್ ಚಾರ್ಜು. ನಾನ್ ಆಗಲ್ಲ ಅಂದ್ರೆ ಇನ್ನೊಬ್ಳು ಬರ್ತಾಳೆ.

ಟ್ರ್ಯಾಕಿಗೆ ಹಾಡೋದು ನನಗೇನು ಖುಷಿನಾ. ಒಂದ್ಸಲ ಚನ್ನಗಿರಿ ಹತ್ರ ಪ್ರೋಗ್ರಾಮಲ್ಲಿ ಕೆಮ್ಮು ಬಂತು, ಎರಡು ಸಾಲು ಹೋಯ್ತು, ಬ್ಯಾಂಡ್ ಇದ್ದಿದ್ರೆ ಆ ಢೋಲಕ್‌ನೋರು ಒಂದು ಆವರ್ತ ಸುತ್ತಿಸಿ ನನಗೋಸ್ಕರ ಕಾಯ್ತಿದ್ರು. ಲ್ಯಾಪ್‌ಟಾಪ್ ಕಾಯಲ್ಲ. ಸ್ಕೇಲ್ ಅರ್ಧ ಇಳಿಸಿ ಅಂತ ಕಣ್ಣಲ್ಲಿ ಹೇಳೋಕಾಗಲ್ಲ ಅದಕ್ಕೆ.

ಬ್ರಾಡ್‌ವೇ ಕತೆ ಚೆನ್ನಾಗಿದೆ. ನಾವೂ ನಿಲ್ತೀವಿ. ಆದ್ರೆ ನಿಮ್ 2,500ರ ಪಕ್ಕದಲ್ಲಿ ನಮ್ದೂ ಒಂದು ನಂಬರ್ ಬರೀರಿ, ವಾಪಸ್ ಬರೋ ಗಾಡಿ ಆಯೋಜಕರದ್ದೇ ಅಂತ ಬರೀರಿ. ಸುಮ್ನೆ ಬಂದು ನಮಗೋಸ್ಕರ ನಿಲ್ಲಿ ಅಂದ್ರೆ ಹೇಗೆ.

---

ಪೆಂಡಾಲ್_ಹುಬ್ಬಳ್ಳಿ:

ಅಕ್ಕಾರ ಮಾತು ಖರೇ ಐತಿ. ಗಾಡಿ ವ್ಯವಸ್ಥಾ ಮಾಡೂದು ದೊಡ್ಡ ಮಾತಲ್ಲ, ಯಾರೂ ಕೇಳಿದ್ದಿಲ್ಲ ಅಷ್ಟ. ಇನ್ನೊಂದು, ಸಿಂಗರ್ ಮತ್ತ ಬ್ಯಾಂಡ್ ಕೂಡೇ ಬಂದು ಒಂದ ರೇಟ್ ಹೇಳಿದ್ರ ಕಮಿಟಿ ಮುಂದ ಮಾತಾಡಾಕ ನನಗೂ ಚಲೋ ಆಗ್ತೈತಿ. ಬಿಡಿ ಬಿಡಿ ಬಂದ್ರ ಬಿಡಿ ಬಿಡಿ ಕಡಿಮಿ ಮಾಡಸ್ತಾರ, ಅದು ನಮ್ಮ ಧಂಧಾ, ಸುಳ್ಳ ಯಾಕ ಹೇಳ್ಲಿ.

---

ರಿದಂಪ್ಯಾಡ್_ತುಮಕೂರು:

ತಂಗಿ, ಕೇಳಿಲ್ಲ. ಒಬ್ರನ್ನೂ ಕೇಳಿಲ್ಲ. ಕೇಳ್ಬೇಕು ಅಂತ ತಲೆಗೇ ಹೊಳೀಲಿಲ್ಲ ನೋಡಿ, ಹದಿನೇಳು ವರ್ಷ ಅವರ ಹಿಂದೇನೇ ಕೂತು ನುಡಿಸಿದೀನಿ.

ನಿನ್ನೆ ರಾತ್ರಿ ನಮ್ಮ ಕಡೆ ಮೂರು ಜನ ಸಿಂಗರ್ಸಿಗೆ ಫೋನ್ ಮಾಡಿದೆ. ಒಬ್ರು ತೆಗೀಲಿಲ್ಲ, ಒಬ್ರು ನೋಡೋಣ ಅಂದ್ರು, ಇನ್ನೊಬ್ರು ನೀವು ಹೇಳಿದ್ದನ್ನೇ ಹೇಳಿ ಅರ್ಧ ಗಂಟೆ ಬೈದ್ರು, ಆಮೇಲೆ ಗ್ರೂಪಿಗೆ ಸೇರ್ಕೊಂಡ್ರು. ಆ ಕೀಬೋರ್ಡ್ ಹುಡುಗನ ಹತ್ರಾನೂ ಹೋಗಿದ್ದೆ. ಅವನ ಮೇಲೆ ಕೋಪ ಮಾಡ್ಕೊಂಡೇ ಹೋದೆ, ಅಲ್ಲಿ ನೋಡಿದ್ರೆ ಅವನ ಟ್ರ್ಯಾಕನ್ನ ಇನ್ಯಾರೋ ಕಾಪಿ ಮಾಡಿ 50 ರೂಪಾಯಿಗೆ ನೂರು ಟ್ರ್ಯಾಕ್ ಅಂತ ಮಾರ್ತಿದಾರೆ, ಅವನೂ ತಲೆ ಮೇಲೆ ಕೈ ಹೊತ್ತು ಕೂತಿದಾನೆ. ಏನ್ ಬೈಯೋದು. ಇಬ್ರೂ ಟೀ ಕುಡಿದು ಬಂದ್ವಿ.

ರಾಜ್ಯೋತ್ಸವಕ್ಕೆ ಇನ್ನೂ ಟೈಮಿದೆ. ಪ್ಲೇಯರ್ಸು ಸಿಂಗರ್ಸು ಸೇರಿ ಒಂದೇ ರೇಟ್ ಶೀಟ್, ಗಾಡಿ ಅವರದ್ದು, ಬರೀತಾ ಇದೀನಿ. ಹುಬ್ಬಳ್ಳಿ ಸಾಹೇಬ್ರು ಒಂದ್ಸಲ ನೋಡಿ ಕಮಿಟಿಯೋರು ಎಲ್ಲೆಲ್ಲಿ ಹಿಡೀತಾರೆ ಹೇಳಿದ್ರೆ ಉಪಕಾರ.

---

ಸುಮ್ನೆ_ಓದೋನು:

ಒಂದೇ ಡೌಟ್ ಅಣ್ಣ, ಈಗ್ಲೂ ಉಂಗುರ ಹಾಕ್ಕೊಂಡೇ ನುಡಿಸ್ತೀರಾ?

---

ರಿದಂಪ್ಯಾಡ್_ತುಮಕೂರು:

ಹೂಂ, ತೆಗೆಯಲ್ಲ. ಎಲ್ಲಾದ್ರೂ ಪೆಂಡಾಲಲ್ಲಿ ಕೇಳಿಸಿದ್ರೆ ನಂದು ಅಂತ ಗೊತ್ತಾಗ್ಬೇಕಲ್ಲ ನಂಗೆ.